ಕೆಲಸ ಮುಗಿಸಿದರೂ ರೇಟಿಂಗ್ ಇಳಿಯಿತು: ದೋಷ ನನ್ನದೋ, ಕಂಪನಿಯದೋ?

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಚೇರಿಯಿರುವ ದೊಡ್ಡ ಅಮೆರಿಕನ್ ತಂತ್ರಜ್ಞಾನ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಇಂಜಿನಿಯರ್ ಆಗಿದ್ದೇನೆ. ಈ ಸಲ ಒಪ್ಪಿಕೊಂಡ ಕೆಲಸವೆಲ್ಲ ಮುಗಿದಿದ್ದರೂ ನನ್ನ ರೇಟಿಂಗ್ ಒಂದು ಮೆಟ್ಟಿಲು ಇಳಿದಿದೆ. ಕಾರಣ ಕೇಳಿದರೆ ಮ್ಯಾನೇಜರ್ 'ಕ್ಯಾಲಿಬ್ರೇಷನ್‌ನಲ್ಲಿ ಹಾಗಾಯಿತು' ಎನ್ನುತ್ತಾರೆ, ಅಂದರೆ ಮ್ಯಾನೇಜರುಗಳೆಲ್ಲ ಸೇರಿ ತಮ್ಮ ತಂಡಗಳ ರೇಟಿಂಗ್‌ಗಳನ್ನು ಹೋಲಿಸಿ ಹೊಂದಿಸುವ ಸಭೆಯಲ್ಲಿ. ಕಂಪನಿಯವರೆಲ್ಲ ಸೇರುವ 'ಟೌನ್‌ಹಾಲ್' ಸಭೆಯಲ್ಲಿ ನಾವೆಲ್ಲ ಒಂದೇ ಕುಟುಂಬ ಎಂಬ ಮಾತು ಕೇಳುತ್ತೇನೆ. ತಂಡದಲ್ಲಿ ನೋಡಿದರೆ ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸಿಕೊಡಲೂ ಹಿಂದೆಮುಂದೆ ನೋಡುತ್ತಾರೆ. ಮುಂದಿನ ಹೆಜ್ಜೆ ಪಿಪ್ (ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್) ಇರಬಹುದೆಂಬ ಭಯ ಹತ್ತಿದೆ. ಇದು ನನ್ನ ದೋಷವೋ, ಇಲ್ಲಿನ ಸಂಸ್ಕೃತಿಯ ದೋಷವೋ? ಕೆಲಸ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಮ್ಯಾನೇಜರ್ ಕೊಟ್ಟ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದೆ, ನಿಜ. ಆದರೂ ನಿಮ್ಮ ಪತ್ರದಲ್ಲಿ ಅತಿ ಹೆಚ್ಚು ಮಾಹಿತಿ ಇರುವುದು ಆ ಒಂದೇ ವಾಕ್ಯದಲ್ಲಿ. ನೀವು ಎಷ್ಟು ಕೆಲಸ ಮಾಡಿದಿರಿ ಎಂಬುದಷ್ಟೇ ನಿಮ್ಮ ರೇಟಿಂಗನ್ನು ನಿರ್ಧರಿಸಿಲ್ಲ, ನಿಮ್ಮ ಹಂತದಲ್ಲಿರುವ ಉಳಿದವರ ಪಕ್ಕದಲ್ಲಿ ನಿಮ್ಮನ್ನು ಎಲ್ಲಿ ಕೂರಿಸಲಾಯಿತು ಎಂಬುದು ನಿರ್ಧರಿಸಿದೆ ಎಂದು ಅದು ಹೇಳುತ್ತದೆ. ತಂಡದವರು ಪರಸ್ಪರ ನೆರವಿಗೆ ಹಿಂಜರಿಯುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಒಂದು ಕಂಪನಿಯ ಸಂಸ್ಕೃತಿ ಏನೆಂದು ತಿಳಿಯಬೇಕಾದರೆ ಗೋಡೆಯ ಮೇಲಿನ ಪೋಸ್ಟರುಗಳನ್ನು ಬಿಟ್ಟು, ಅಲ್ಲಿ ಯಾರಿಗೆ ಬಡ್ತಿ ಸಿಗುತ್ತದೆ, ಯಾರನ್ನು ಕಳುಹಿಸಲಾಗುತ್ತದೆ, ಆ ತೀರ್ಮಾನ ಯಾವ ಕೋಣೆಯಲ್ಲಿ ಆಗುತ್ತದೆ ಎಂಬ ಮೂರನ್ನು ನೋಡಬೇಕು ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲ ಕೆಲಸ ಮಾಡಿದ ಮೇಲೆ ನಾನು ತಲುಪಿರುವ ಅಭಿಪ್ರಾಯ.

ಮೊದಲು ಆ ಕೋಣೆಯನ್ನೇ ನೋಡೋಣ. ಒಂದೇ ನಿರ್ದೇಶಕರ ಕೆಳಗಿನ ಮ್ಯಾನೇಜರುಗಳೆಲ್ಲ ಸೇರುತ್ತಾರೆ. ಪರದೆಯ ಮೇಲೆ ಒಂದು ಸ್ಪ್ರೆಡ್‌ಶೀಟ್ ಇರುತ್ತದೆ. ಅದರಲ್ಲಿ ಹೆಸರು, ಹಂತ, ಕಳೆದ ಸಲದ ರೇಟಿಂಗ್, ಈ ಸಲ ಪ್ರಸ್ತಾಪಿಸಿದ ರೇಟಿಂಗ್. ತುದಿಯಲ್ಲಿರುವವರ ಬಗ್ಗೆ, ಅಂದರೆ ಬಹಳ ಚೆನ್ನಾಗಿ ಮಾಡಿದವರ ಮತ್ತು ಸ್ಪಷ್ಟವಾಗಿ ಹಿಂದೆ ಬಿದ್ದವರ ಬಗ್ಗೆ, ಹೆಚ್ಚು ಚರ್ಚೆಯಾಗುವುದಿಲ್ಲ. ಹೊತ್ತು ಹೋಗುವುದೆಲ್ಲ ಗೆರೆಯ ಮೇಲಿರುವವರ ವಿಷಯದಲ್ಲಿ. ಮೇಲಿನ ಪೆಟ್ಟಿಗೆಯಲ್ಲಿ ಜನ ಹೆಚ್ಚಾಗಿದ್ದಾರೆ, ಯಾರನ್ನಾದರೂ ಇಳಿಸಬೇಕು ಎಂದಾಗ ಪ್ರತಿಯೊಬ್ಬ ಮ್ಯಾನೇಜರ್ ತನ್ನವರ ಪರವಾಗಿ ವಾದಿಸಬೇಕಾಗುತ್ತದೆ. ಆಗ ಗೆಲ್ಲುವುದು ಬೇರೆ ಮ್ಯಾನೇಜರುಗಳೂ ಕಂಡಿರುವ ಕೆಲಸ. 'ಹೌದು, ಅವರು ನಮ್ಮ ತಂಡಕ್ಕೂ ಆ ಭಾಗ ಮಾಡಿಕೊಟ್ಟರು' ಎಂದು ಇನ್ನೊಬ್ಬರು ದನಿಗೂಡಿಸಿದರೆ ಹೆಸರು ಉಳಿಯುತ್ತದೆ. ಇಡೀ ವರ್ಷ ಹಳೆಯ ಸಾಫ್ಟ್‌ವೇರ್ ಸೇವೆಯೊಂದು ಬೀಳದಂತೆ ನೋಡಿಕೊಂಡವರ ಬಗ್ಗೆ ಹೇಳಲು ಯಾರಿಗೂ ಏನೂ ಇರುವುದಿಲ್ಲ, ಯಾಕೆಂದರೆ ಆ ಸೇವೆ ಬೀಳಲೇ ಇಲ್ಲ. ನಿಮ್ಮ ಮ್ಯಾನೇಜರ್ ಹೊಸಬರಾಗಿದ್ದರೆ, ಮಿತಭಾಷಿಯಾಗಿದ್ದರೆ, ಅಥವಾ ಆ ಸಭೆಯಲ್ಲಿ ತಮ್ಮ ಇನ್ನೊಬ್ಬ ಇಂಜಿನಿಯರ್‌ಗೆ ಬಡ್ತಿ ಕೊಡಿಸುವುದಕ್ಕೆ ತಮ್ಮ ಮಾತಿನ ಬಲವನ್ನೆಲ್ಲ ಖರ್ಚು ಮಾಡಿದ್ದರೆ, ನೀವು ಕೆಳಗಿಳಿದಿರುತ್ತೀರಿ.

ಈ ಪದ್ಧತಿಗೆ ಹಳೆಯ ಚರಿತ್ರೆಯಿದೆ. 1981ರಿಂದ 2001ರವರೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ನಡೆಸಿದ ಜ್ಯಾಕ್ ವೆಲ್ಚ್, ನೌಕರರನ್ನು ಮೇಲಿನ 20%, ನಡುವಿನ 70%, ಕೆಳಗಿನ 10% ಎಂದು ವಿಂಗಡಿಸಿ, ಕೊನೆಯವರನ್ನು ಕಳುಹಿಸುವ ಕ್ರಮವನ್ನು ಜಗತ್ಪ್ರಸಿದ್ಧಗೊಳಿಸಿದರು. ಬಲ್ಬು, ವಿಮಾನದ ಇಂಜಿನ್ ತಯಾರಿಸುತ್ತಿದ್ದ ಕಂಪನಿಯ ಈ ಲೆಕ್ಕ ಸಾಫ್ಟ್‌ವೇರ್ ಜಗತ್ತಿಗೆ ದಾಟಿಕೊಂಡಿತು. ಅದರಿಂದ ಏನೇನಾಯಿತು ಎಂಬುದಕ್ಕೆ ಮೈಕ್ರೋಸಾಫ್ಟ್‌ಗಿಂತ ಚೆನ್ನಾಗಿ ದಾಖಲಾದ ಉದಾಹರಣೆ ಇನ್ನೊಂದಿಲ್ಲ.

ಸ್ಟೀವ್ ಬಾಲ್ಮರ್ ಸಿಇಒ ಆಗಿದ್ದ ಕಾಲದ ಮೈಕ್ರೋಸಾಫ್ಟ್‌ನಲ್ಲಿ ಪ್ರತಿ ಘಟಕವೂ ತನ್ನ ನೌಕರರನ್ನು ನಿಗದಿತ ಪ್ರಮಾಣದಲ್ಲಿ ಶ್ರೇಣಿಗಳಿಗೆ ಹಂಚಬೇಕಿತ್ತು. ತಂಡದಲ್ಲಿರುವ ಹತ್ತು ಜನರೂ ಚೆನ್ನಾಗಿ ಕೆಲಸ ಮಾಡಿದ್ದರೂ ಅವರಲ್ಲಿ ಯಾರಾದರೂ ತಳದ ಶ್ರೇಣಿಗೆ ಹೋಗುವ ಒತ್ತಡ ಇದ್ದೇ ಇರುತ್ತಿತ್ತು. 2012ರಲ್ಲಿ ವ್ಯಾನಿಟಿ ಫೇರ್ ನಿಯತಕಾಲಿಕೆ ಆ ಕಂಪನಿಯ ಹಿನ್ನಡೆಯ ವರ್ಷಗಳ ಬಗ್ಗೆ ದೀರ್ಘ ವರದಿ ಪ್ರಕಟಿಸಿದಾಗ, ಅದಕ್ಕಾಗಿ ಮಾತನಾಡಿದ ಹಾಲಿ ಮತ್ತು ಮಾಜಿ ನೌಕರರು ಒಳಗಿನ ಅತ್ಯಂತ ವಿನಾಶಕಾರಿ ಪದ್ಧತಿಯೆಂದು ಬೆಟ್ಟು ಮಾಡಿದ್ದು ಇದನ್ನೇ. ನುರಿತ ಇಂಜಿನಿಯರುಗಳು ಇತರ ನುರಿತವರಿರುವ ತಂಡಕ್ಕೆ ಸೇರಲು ಹಿಂಜರಿಯುತ್ತಿದ್ದರು, ಯಾಕೆಂದರೆ ಅಲ್ಲಿ ತಾವು ಕೆಳಗಿನವರಾಗುವ ಅಪಾಯವಿತ್ತು. ಪಕ್ಕದವರಿಗೆ ಕಲಿಸಿಕೊಟ್ಟರೆ ತನ್ನ ಸ್ಥಾನಕ್ಕೇ ಕುತ್ತು ಎಂಬ ಲೆಕ್ಕಾಚಾರ ಬೆಳೆಯಿತು. ಗೂಗಲ್, ಆಪಲ್ ಕಂಪನಿಗಳ ಜೊತೆ ಸ್ಪರ್ಧಿಸಬೇಕಾದವರು ಪಕ್ಕದ ಕ್ಯಾಬಿನ್‌ನವರ ಜೊತೆ ಸ್ಪರ್ಧಿಸುತ್ತ ಕುಳಿತರು.

ಇಲ್ಲಿ ಗಣಿತದ ಒಂದು ಸರಳ ತಪ್ಪೂ ಇದೆ. ಹೀಗೆ ನಿಗದಿತ ಪ್ರಮಾಣದಲ್ಲಿ ಹಂಚುವುದರ ಹಿಂದಿರುವ ಗಂಟೆಯಾಕಾರದ ರೇಖೆ (ಬೆಲ್ ಕರ್ವ್: ನಡುವೆ ಹೆಚ್ಚು ಜನ, ಎರಡೂ ತುದಿಗಳಲ್ಲಿ ಕಡಿಮೆ) ದೊಡ್ಡ ಸಂಖ್ಯೆಯ, ಆರಿಸಿ ತೆಗೆಯದ ಗುಂಪುಗಳಲ್ಲಿ ಕಾಣುವಂಥದ್ದು. ಹಲವು ಸುತ್ತಿನ ಸಂದರ್ಶನದಲ್ಲಿ ಜರಡಿ ಹಿಡಿದು ತೆಗೆದುಕೊಂಡ ಎಂಟು ಜನರ ತಂಡಕ್ಕೆ ಅದನ್ನು ಹೊದಿಸುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. 'ಅದಕ್ಕೇ ನಾವು ತಂಡದ ಮಟ್ಟದಲ್ಲಿ ಅಲ್ಲ, ನೂರಾರು ಜನರ ಸಂಸ್ಥೆಯ ಮಟ್ಟದಲ್ಲಿ ನೋಡುತ್ತೇವೆ' ಎಂದು ಎಚ್‌ಆರ್ ವಿಭಾಗದವರು ಉತ್ತರಿಸುವುದುಂಟು. ಕಾಗದದ ಮೇಲೆ ಅದು ಸರಿ. ಆದರೆ ನಿರ್ದೇಶಕರು ತಮಗೆ ಬಂದ ಪ್ರಮಾಣವನ್ನು ಕೆಳಗಿನ ಮ್ಯಾನೇಜರುಗಳಿಗೆ ಪಾಲು ಹಾಕುವುದೇ ವಾಡಿಕೆ. ಹೀಗಾಗಿ ಕೊನೆಗೆ ಅದು ಎಂಟು ಜನರ ತಂಡಕ್ಕೇ ಬಂದು ನಿಲ್ಲುತ್ತದೆ.

2013ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಈ ಕಡ್ಡಾಯ ಶ್ರೇಣೀಕರಣವನ್ನು ಕೈಬಿಟ್ಟಿತು. 2014ರ ಫೆಬ್ರವರಿಯಲ್ಲಿ ಸಿಇಒ ಆದ ಸತ್ಯ ನಾದೆಲ್ಲಾ ಈ ಬದಲಾವಣೆಯ ಮುಖವಾದರು. (ಹೈದರಾಬಾದಿನವರಾದ ನಾದೆಲ್ಲಾ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ, ಆದರೆ ಶ್ರೇಣೀಕರಣ ಕೈಬಿಟ್ಟ ಪ್ರಕಟಣೆ ಹೊರಬಿದ್ದದ್ದು ಅವರು ಹುದ್ದೆಗೇರುವ ಮೊದಲೇ, ಬಾಲ್ಮರ್ ಕಾಲದಲ್ಲೇ ಎಂಬುದನ್ನು ಅವರ ಅಭಿಮಾನಿಗಳು ಮರೆಯುತ್ತಾರೆ.) ಹೊಸ ಕ್ರಮದಲ್ಲಿ ನೌಕರರು ತಮ್ಮ ಕೆಲಸವನ್ನು ಮೂರು ಬಗೆಯಲ್ಲಿ ವಿವರಿಸಬೇಕಾಯಿತು: ನೀವೇ ಸಾಧಿಸಿದ್ದೇನು, ಇತರರ ಯಶಸ್ಸಿಗೆ ನೀವು ಕೊಟ್ಟದ್ದೇನು, ಇತರರು ಕಟ್ಟಿದ್ದರ ಮೇಲೆ ನೀವು ಕಟ್ಟಿದ್ದೇನು. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಜಾಣತನವನ್ನು ಗಮನಿಸಿ. ಪಕ್ಕದವರ ಕೋಡನ್ನು ಪರಿಶೀಲಿಸಿಕೊಟ್ಟ ಗಂಟೆ, ಹಿಂದಿನ ವ್ಯವಸ್ಥೆಯಲ್ಲಿ ಕಳೆದುಹೋದ ಗಂಟೆ. ಇಲ್ಲಿ ಅದು ಬರೆದು ತೋರಿಸಬಹುದಾದ ಗಂಟೆ. ಇನ್ನೊಬ್ಬರು ಬರೆದ ಲೈಬ್ರರಿಯನ್ನು (ಸಿದ್ಧ ಕೋಡನ್ನು) ಬಳಸಿದ್ದು ಸೋಮಾರಿತನವಾಗಿ ಉಳಿಯದೆ ಶ್ರೇಯಸ್ಸಾಯಿತು. ಉಪದೇಶ ಮಾಡಿ ಜನರ ಸ್ವಭಾವ ತಿದ್ದಲು ಹೋಗದೆ, ಅಳೆಯುವ ಕೋಲನ್ನೇ ಬದಲಿಸಿದ ಈ ಕ್ರಮವನ್ನು ನಾನು ಬಹಳ ಮೆಚ್ಚುತ್ತೇನೆ.

ಹಾಗೆಂದು ಅಲ್ಲಿ ರಾಮರಾಜ್ಯ ಬಂತೆಂದು ಭಾವಿಸಬೇಡಿ. ಬೋನಸ್ ಮತ್ತು ಸ್ಟಾಕ್‌ಗೆ ಎತ್ತಿಟ್ಟ ಹಣ ಸೀಮಿತವಾಗಿರುವವರೆಗೆ ಹೋಲಿಕೆ ಯಾವುದಾದರೊಂದು ರೂಪದಲ್ಲಿ ಇದ್ದೇ ಇರುತ್ತದೆ. ಶ್ರೇಣಿಯ ಹೆಸರು ಹೋದ ಮಾತ್ರಕ್ಕೆ ಹಂಚಿಕೆಯ ಜಗಳ ಹೋಗುವುದಿಲ್ಲ. ಉದ್ಯೋಗದ ಭದ್ರತೆಯ ಮಾತಂತೂ ಬೇರೆಯೇ. ನಾದೆಲ್ಲಾ ಅಧಿಕಾರಕ್ಕೆ ಬಂದ ವರ್ಷವೇ ಮೈಕ್ರೋಸಾಫ್ಟ್ 18,000 ಉದ್ಯೋಗ ಕಡಿತ ಪ್ರಕಟಿಸಿತು, ಅದರಲ್ಲಿ ಹೆಚ್ಚಿನವು ನೋಕಿಯಾದಿಂದ ಬಂದ ವಿಭಾಗದವು. 2023ರ ಜನವರಿಯಲ್ಲಿ ಮತ್ತೆ 10,000. ಅದೇ ತಿಂಗಳಲ್ಲಿ ಗೂಗಲ್ 12,000. ಆ ಪಟ್ಟಿಗಳಲ್ಲಿ ಒಳ್ಳೆಯ ರೇಟಿಂಗ್ ಪಡೆದವರೂ ಇದ್ದರು. ಸಹಕಾರದ ಸಂಸ್ಕೃತಿ ಎಂಬುದು ಒಂದು, ಕಂಪನಿ ನಿಮ್ಮನ್ನು ಉಳಿಸಿಕೊಳ್ಳುತ್ತದೆಯೇ ಎಂಬುದು ಇನ್ನೊಂದು. ಟೌನ್‌ಹಾಲ್‌ನ ಕುಟುಂಬದ ಮಾತು ಇವೆರಡನ್ನೂ ಒಂದೇ ಎಂಬಂತೆ ತೋರಿಸುವುದರಿಂದಲೇ ನಿಮ್ಮಂಥವರಿಗೆ ಹೆಚ್ಚು ನೋವಾಗುವುದು.

ಭಾರತದ ಕಚೇರಿಗಳಿಗೂ ಈ ಎಲ್ಲ ಅಲೆಗಳು ಬಂದಿವೆ. ಅಡೋಬಿ ಕಂಪನಿ ವಾರ್ಷಿಕ ಅಪ್ರೈಸಲ್ ರದ್ದುಮಾಡುವ ಸುದ್ದಿ ಮೊದಲು ಹೊರಬಿದ್ದದ್ದೇ 2012ರಲ್ಲಿ, ಅದರ ಮಾನವ ಸಂಪನ್ಮೂಲ ಮುಖ್ಯಸ್ಥೆ ಭಾರತಕ್ಕೆ ಬಂದಿದ್ದಾಗ ಇಲ್ಲಿನ ಪತ್ರಿಕೆಯೊಂದರ ಜೊತೆ ಆಡಿದ ಮಾತಿನಿಂದ. 2015ರ ಸುಮಾರಿಗೆ ಇನ್ಫೋಸಿಸ್ ಕೂಡ ಕಡ್ಡಾಯ ಬೆಲ್ ಕರ್ವ್‌ನಿಂದ ಹಿಂದೆ ಸರಿಯಿತು. ಆದರೆ ನಿಮ್ಮಂತೆ ಬಹುರಾಷ್ಟ್ರೀಯ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ ಇರುವವರಿಗೆ ಇನ್ನೊಂದು ತೊಡಕಿದೆ, ಅದರ ಬಗ್ಗೆ ಮಾತನಾಡುವವರು ಕಡಿಮೆ. ಕ್ಯಾಲಿಬ್ರೇಷನ್‌ನ ಕೊನೆಯ ಸುತ್ತು ಎಷ್ಟೋ ಸಲ ನಮ್ಮ ರಾತ್ರಿ ಒಂಬತ್ತೂವರೆಗೆ, ಅಂದರೆ ಅಮೆರಿಕದ ಪಶ್ಚಿಮ ಕರಾವಳಿಯವರ ಬೆಳಗಿನ ಹೊತ್ತಿಗೆ, ನಡೆಯುತ್ತದೆ. ಅಲ್ಲಿ ಕುಳಿತ ಹಿರಿಯರಿಗೆ ತಮ್ಮ ಕಚೇರಿಯವರು ಕಾರಿಡಾರಿನಲ್ಲಿ, ಊಟದ ಮೇಜಿನಲ್ಲಿ ಕಂಡು ಗೊತ್ತು. ನಿಮ್ಮ ಹೆಸರು ಡೆಮೊ ದಿನ ಪರದೆಯ ಮೂಲೆಯಲ್ಲಿ ಕಂಡ ಒಂದು ಚೌಕ. ವಿನ್ಯಾಸದ ತೀರ್ಮಾನಗಳು ಅಲ್ಲಿ ಆಗಿ ಅನುಷ್ಠಾನ ಇಲ್ಲಿ ಆಗುವ ತಂಡವಾದರೆ, ಬಡ್ತಿಯ ಮಾನದಂಡದಲ್ಲಿರುವ 'ಸ್ವತಂತ್ರವಾಗಿ ದಿಕ್ಕು ನಿರ್ಧರಿಸಿದರು' ಎಂಬ ಸಾಲಿಗೆ ನೀವು ಎಷ್ಟು ದುಡಿದರೂ ಸಾಕ್ಷ್ಯ ಸಿಗುವುದಿಲ್ಲ. ಇದು ನಿಮ್ಮ ಸಾಮರ್ಥ್ಯದ ಕೊರತೆಯಲ್ಲ, ಕೆಲಸವನ್ನು ಹಂಚಿದ ರೀತಿಯ ಫಲ. ನಿಮ್ಮ ತಂಡ ಒಂದು ಉತ್ಪನ್ನದ ಸಂಪೂರ್ಣ ಹೊಣೆ ಹೊತ್ತಿದೆಯೇ, ಅಥವಾ ಬೇರೆಯವರ ಯೋಜನೆಯ ತುಂಡುಗಳನ್ನು ಮುಗಿಸಿಕೊಡುತ್ತಿದೆಯೇ ಎಂದು ನೋಡಿ. ಎರಡನೆಯದಾದರೆ ಮುಂದಿನ ವರ್ಷವೂ ಇದೇ ಕಥೆ.

ಈಗ ನಿಮ್ಮ ತಂಡಕ್ಕೆ ಬರೋಣ. ಕಂಪನಿಯ ಪದ್ಧತಿ ಒಂದೇ ಆಗಿದ್ದರೂ ಅದರೊಳಗಿನ ತಂಡಗಳು ಒಂದೇ ಥರ ಇರುವುದಿಲ್ಲ. ಗೂಗಲ್ 2012ರಲ್ಲಿ ಆರಂಭಿಸಿದ ಒಂದು ಆಂತರಿಕ ಅಧ್ಯಯನದಲ್ಲಿ 180 ತಂಡಗಳನ್ನು ನೋಡಿ, ಒಳ್ಳೆಯ ತಂಡಗಳನ್ನು ಉಳಿದವುಗಳಿಂದ ಬೇರ್ಪಡಿಸುವುದು ಏನೆಂದು ಹುಡುಕಿದಾಗ, ಸದಸ್ಯರ ವೈಯಕ್ತಿಕ ಪ್ರತಿಭೆಗಿಂತ ಮಿಗಿಲಾಗಿ ಕಂಡದ್ದು ಅವರು ಅಂಜಿಕೆಯಿಲ್ಲದೆ ಪ್ರಶ್ನೆ ಕೇಳಬಲ್ಲರೇ, ತಪ್ಪನ್ನು ಒಪ್ಪಿಕೊಳ್ಳಬಲ್ಲರೇ ಎಂಬುದು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಅದಕ್ಕೂ ಮೊದಲು ಆಸ್ಪತ್ರೆಯ ತಂಡಗಳಲ್ಲಿ ಇದನ್ನೇ ವಿಚಿತ್ರ ರೀತಿಯಲ್ಲಿ ಎದುರಿಸಿದ್ದರು: ಚೆನ್ನಾಗಿರುವ ತಂಡಗಳಲ್ಲೇ ಔಷಧಿ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ತಪ್ಪು ಹೆಚ್ಚು ನಡೆಯುತ್ತಿರಲಿಲ್ಲ, ಮುಚ್ಚಿಡುವುದು ಕಡಿಮೆಯಿತ್ತು ಎಂಬುದು ಆಮೇಲೆ ಅವರಿಗೆ ಹೊಳೆದ ವಿವರಣೆ.

ನಿಮ್ಮ ತಂಡವನ್ನು ಪರೀಕ್ಷಿಸಲು ಸಮೀಕ್ಷೆ ಬೇಡ. ಕಳೆದ ಸಲ ಸೇವೆ ಕುಸಿದಾಗ ಕಾರಣ ಹುಡುಕಿ ಬರೆದ ಪೋಸ್ಟ್‌ಮಾರ್ಟಮ್ ಕಡತವನ್ನು ತೆರೆದು ಓದಿ. 'ರಾತ್ರಿ 2.10ಕ್ಕೆ ಆನ್-ಕಾಲ್ ಇಂಜಿನಿಯರ್ ತಪ್ಪು ಕಾನ್ಫಿಗರೇಷನ್ ಹಾಕಿದರು. ಇನ್ನು ಮುಂದೆ ಎಚ್ಚರ ವಹಿಸಬೇಕು' ಎಂದು ಮುಗಿದಿದ್ದರೆ, ಅಲ್ಲಿ ಎಲ್ಲರೂ ತಮ್ಮ ಬೆನ್ನು ಕಾಪಾಡಿಕೊಳ್ಳುತ್ತಿದ್ದಾರೆ ಎಂದರ್ಥ. 'ತಪ್ಪು ಕಾನ್ಫಿಗರೇಷನ್ ಪರೀಕ್ಷೆಯಿಲ್ಲದೆ ಬಳಕೆದಾರರ ವ್ಯವಸ್ಥೆಗೆ ಹೋಗಲು ದಾರಿಯಿತ್ತು. ಎಚ್ಚರಿಕೆಯ ಸಂದೇಶ ನಲವತ್ತು ನಿಮಿಷ ತಡವಾಗಿ ಬಂತು. ಈ ಎರಡನ್ನೂ ಸರಿಪಡಿಸುವ ಹೊಣೆ ಇಂಥವರದು' ಎಂದಿದ್ದರೆ, ರೇಟಿಂಗ್ ಪದ್ಧತಿ ಎಷ್ಟೇ ಕೆಟ್ಟದ್ದಿರಲಿ, ಆ ತಂಡದ ಮ್ಯಾನೇಜರ್ ತನ್ನ ಜನರ ರಕ್ಷಣೆಗೆ ನಿಂತಿದ್ದಾರೆ. ನಿಮ್ಮದು ಮೊದಲನೆಯ ಬಗೆಯಾದರೆ ತಂಡ ಬದಲಿಸುವುದು ಸರಿ, ಎರಡನೆಯ ಬಗೆಯಾದರೆ ಇನ್ನೊಂದು ವರ್ಷ ಕಾಯುವುದರಲ್ಲಿ ಅರ್ಥವಿದೆ.

ಹಾಗಾದರೆ ಈಗ ಏನು ಮಾಡಬೇಕು? ಮ್ಯಾನೇಜರ್ ಜೊತೆ ಇನ್ನೊಮ್ಮೆ ಕುಳಿತುಕೊಳ್ಳಿ, ಆದರೆ 'ಏಕೆ ಇಳಿಸಿದಿರಿ' ಎಂದು ಕೇಳಬೇಡಿ. ಆ ಪ್ರಶ್ನೆಗೆ ಅವರು ಕ್ಯಾಲಿಬ್ರೇಷನ್‌ನ ಮೇಲೆ ಹೊಣೆ ಜಾರಿಸಿ ಕೈತೊಳೆದುಕೊಳ್ಳಬಹುದು. ನನ್ನ ಹೆಸರು ಬಂದಾಗ ಯಾವ ಕೆಲಸದ ಬಗ್ಗೆ ಪ್ರಶ್ನೆ ಎದ್ದಿತು, ನೀವು ಮೊದಲು ಪ್ರಸ್ತಾಪಿಸಿದ ರೇಟಿಂಗ್ ಯಾವುದಾಗಿತ್ತು, ಯಾವ ಒಂದು ಸಾಕ್ಷ್ಯ ನಿಮ್ಮ ಕೈಯಲ್ಲಿದ್ದಿದ್ದರೆ ಅದನ್ನು ಉಳಿಸಿಕೊಳ್ಳಬಹುದಿತ್ತು ಎಂದು ಕೇಳಿ. ಅವರೇ ಮೊದಲಿನಿಂದ ಕಡಿಮೆ ರೇಟಿಂಗ್ ಪ್ರಸ್ತಾಪಿಸಿದ್ದರೆ ಸಮಸ್ಯೆ ಕೋಣೆಯಲ್ಲಿಲ್ಲ, ನಿಮ್ಮಿಬ್ಬರ ನಡುವೆ ಇದೆ. ಆಗ ನಿಮ್ಮ ಕೆಲಸದಲ್ಲಿ ಅವರಿಗೆ ಕಂಡ ಕೊರತೆ ಏನೆಂದು ಮುಕ್ತ ಮನಸ್ಸಿನಿಂದ ಕೇಳಿಸಿಕೊಳ್ಳಲೇಬೇಕು. ಪದ್ಧತಿ ಕೆಟ್ಟದ್ದಾಗಿದ್ದ ಮಾತ್ರಕ್ಕೆ ನಿಮ್ಮ ಕೆಲಸ ಚೆನ್ನಾಗಿತ್ತು ಎಂದು ಸಾಬೀತಾಗುವುದಿಲ್ಲ. ಉತ್ತರ ಏನೇ ಬರಲಿ, ಅದೇ ದಿನ ಒಂದು ಚಿಕ್ಕ ಇಮೇಲ್‌ನಲ್ಲಿ 'ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ' ಎಂದು ಬರೆದು ಕಳುಹಿಸಿ. ಸ್ಕಿಪ್ ಲೆವೆಲ್ ಭೇಟಿಯಲ್ಲಿ (ಮ್ಯಾನೇಜರ್‌ಗೆ ಮೇಲಿನವರ ಜೊತೆಗಿನ ಭೇಟಿ) ದೂರು ಹೇಳುವುದಕ್ಕಿಂತ ಇವೇ ಪ್ರಶ್ನೆಗಳನ್ನು ಸೌಮ್ಯವಾಗಿ ಮುಂದಿಡುವುದು ಹೆಚ್ಚು ಫಲಕಾರಿ.

ಮುಂದಿನ ಸುತ್ತಿಗೆ ಮುನ್ನ ಮ್ಯಾನೇಜರ್ ಕೈಗೆ ಅರ್ಧ ಪುಟ ಕೊಡಿ. ಅದರಲ್ಲಿ 'ಪಾವತಿ ಸೇವೆಯ ಸುಧಾರಣೆಯಲ್ಲಿ ಭಾಗವಹಿಸಿದೆ' ಎಂಬಂಥ ಸಾಲುಗಳಿರಬಾರದು. ಮೊದಲು ಏನಾಗುತ್ತಿತ್ತು, ನೀವು ತೆಗೆದುಕೊಂಡ ತೀರ್ಮಾನ ಯಾವುದು, ಆಮೇಲೆ ಯಾವ ಅಂಕಿ ಎಲ್ಲಿಂದ ಎಲ್ಲಿಗೆ ಹೋಯಿತು, ಅದರಿಂದ ಬೇರೆ ಯಾವ ತಂಡಕ್ಕೆ ಅನುಕೂಲವಾಯಿತು ಎಂಬಷ್ಟು ಇರಲಿ. ಮ್ಯಾನೇಜರ್ ಆ ಸಭೆಯಲ್ಲಿ ಗಟ್ಟಿಯಾಗಿ ಓದಿಬಿಡಬಹುದಾದ ಭಾಷೆಯಲ್ಲಿ ಇರಲಿ, ಏಕೆಂದರೆ ಅವರು ಮಾಡುವುದು ಅದನ್ನೇ. ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರು ಇದನ್ನು ಆತ್ಮಪ್ರಶಂಸೆ ಎಂದು ತಿಳಿದು ಸಂಕೋಚಪಡುತ್ತಾರೆ, ಕೆಲಸವೇ ಮಾತನಾಡಲಿ ಎಂದು ಬಿಡುತ್ತಾರೆ. ಎಂಟು ಸಾವಿರ ಮೈಲಿ ಆಚೆಯ ಕೋಣೆಯಲ್ಲಿ ಕೆಲಸ ತಾನಾಗಿ ಮಾತನಾಡಿದ್ದನ್ನು ನಾನು ಕಂಡಿಲ್ಲ.

ಪಿಪ್ ಬಗ್ಗೆ. ಸುಧಾರಣಾ ಯೋಜನೆ ಎಂಬ ಹೆಸರಿನ ಈ ಕಾಗದ ಕೆಲವು ಕಡೆ ನಿಜಕ್ಕೂ ಸುಧಾರಣೆಗೆ ಇರುತ್ತದೆ, ಬಹಳ ಕಡೆ ಕಳುಹಿಸುವ ಮುನ್ನ ದಾಖಲೆ ಸಿದ್ಧಪಡಿಸಲು ಇರುತ್ತದೆ. ಎರಡನ್ನೂ ಬೇರ್ಪಡಿಸುವುದು ಗುರಿಗಳ ಸ್ವರೂಪ: ಅಳೆಯಬಹುದಾದ, ನಿಮ್ಮೊಬ್ಬರ ಕೈಯಲ್ಲಿರುವ ಗುರಿಗಳಿದ್ದರೆ ದಾಟಲು ಅವಕಾಶವಿದೆ, 'ಮುಂದಾಳುತನ ತೋರಿಸಬೇಕು' ಎಂಬಂಥ ಸಾಲುಗಳೇ ತುಂಬಿದ್ದರೆ ಹೊರಗೆ ಕೆಲಸ ಹುಡುಕಲು ತೊಡಗಿ. 'ಇವತ್ತೇ ರಾಜೀನಾಮೆ ಬರೆದುಕೊಟ್ಟರೆ ಅನುಭವ ಪತ್ರ ಶುದ್ಧವಾಗಿರುತ್ತದೆ' ಎಂದು ಸಣ್ಣ ಕೋಣೆಗೆ ಕರೆದು ಹೇಳಿದರೆ, ಆ ಕೋಣೆಯಲ್ಲೇ ಸಹಿ ಹಾಕಬೇಡಿ. ಪ್ರಸ್ತಾಪವನ್ನು ಲಿಖಿತವಾಗಿ ಕೇಳಿ, ಎರಡು ದಿನದ ಸಮಯ ಕೇಳಿ. ಸ್ವಇಚ್ಛೆಯ ರಾಜೀನಾಮೆ ಕೊಟ್ಟವರಿಗೆ ಆಮೇಲೆ ವಾದಿಸಲು ಉಳಿಯುವ ನೆಲ ಬಹಳ ಕಡಿಮೆ. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಕಂಪನಿಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನು ಕಂಪನಿ ಲಿಖಿತವಾಗಿ ನಿಗದಿಪಡಿಸಬೇಕೆನ್ನುವ ಕಾಯ್ದೆ) ವಿನಾಯಿತಿ ಕೊಟ್ಟು, 2019ರಲ್ಲೂ 2024ರಲ್ಲೂ ಮುಂದುವರಿಸಿತು. ಆದರೆ ಅದು ಷರತ್ತುಗಳಿದ್ದ ವಿನಾಯಿತಿ. ಕಂಪನಿಯಲ್ಲಿ ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುವು ಅವುಗಳಲ್ಲಿ ಸೇರಿದ್ದವು. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ, ಅಂಥ ಹಂತ ಬಂದರೆ ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಕೇಳುವುದು ಉಳಿತಾಯವೇ ಹೊರತು ಖರ್ಚಲ್ಲ. 2017ರಿಂದ ರಾಜ್ಯದಲ್ಲಿ ಐಟಿ ನೌಕರರ ನೋಂದಾಯಿತ ಸಂಘವೂ ಇದೆ. ಅದಕ್ಕೆ ಸೇರಲು ನಾಚಿಕೆಪಡುವ ಕಾರಣವಿಲ್ಲ.

ಬಿಟ್ಟುಬಿಡಲೇ ಎಂದಿರಿ. ಈ ತಿಂಗಳು ಬೇಡ. ಒಂದು ಇಳಿದ ರೇಟಿಂಗ್‌ನಿಂದ ಕೆಲಸ ಹೋಗುವುದು ವಿರಳ, ಸತತ ಎರಡಾದರೆ ಅಪಾಯ. ನಿಮ್ಮ ಕಂಪನಿಯ ಆಂತರಿಕ ವರ್ಗಾವಣೆಯ ನಿಯಮವನ್ನು ಇಂದೇ ಓದಿಕೊಳ್ಳಿ, ಏಕೆಂದರೆ ಅನೇಕ ಕಡೆ ಕಡಿಮೆ ರೇಟಿಂಗ್ ಇದ್ದವರಿಗೆ, ಪಿಪ್‌ನಲ್ಲಿ ಇರುವವರಿಗಂತೂ, ಆ ಬಾಗಿಲು ಮುಚ್ಚುತ್ತದೆ. ನಿಮಗೆ ಅದಿನ್ನೂ ತೆರೆದಿದ್ದರೆ ಬೆಂಗಳೂರಿನಿಂದಲೇ ಉತ್ಪನ್ನದ ಪೂರ್ಣ ಹೊಣೆ ಹೊತ್ತಿರುವ ತಂಡವೊಂದನ್ನು ಹುಡುಕಿ, ಅಲ್ಲಿನ ಇಂಜಿನಿಯರ್ ಒಬ್ಬರ ಜೊತೆ ಕಾಫಿ ಕುಡಿಯುತ್ತ ಅವರ ಮ್ಯಾನೇಜರ್ ಬಗ್ಗೆ ಕೇಳಿ. ಜೊತೆಜೊತೆಗೇ ಹೊರಗಿನ ಸಂದರ್ಶನಗಳಿಗೂ ತಯಾರಿ ನಡೆಸಿ. ಹೊರಗೆ ಆಫರ್ ಸಿಕ್ಕಾಗ ನಿಮ್ಮ ಸ್ಟಾಕ್‌ನ ಮುಂದಿನ ಕಂತು ಯಾವ ದಿನ ವೆಸ್ಟ್ ಆಗುತ್ತದೆ (ನಿಮ್ಮ ಸ್ವಂತದ್ದಾಗುತ್ತದೆ), ಬೋನಸ್ ಜಮೆಯಾಗುವ ದಿನ ನೀವು ನೋಟಿಸ್ ಪೀರಿಯಡ್‌ನಲ್ಲಿದ್ದರೆ ಅದು ಸಿಗುತ್ತದೆಯೇ, ಸೇರುವಾಗ ಕಂಪನಿ ಕೊಟ್ಟ ಹಣದಲ್ಲಿ ವಾಪಸು ಕೊಡಬೇಕಾದದ್ದು ಏನಾದರೂ ಉಳಿದಿದೆಯೇ ಎಂದು ನೇಮಕಾತಿ ಪತ್ರ ತೆರೆದು ನೋಡಿ, ಆಮೇಲೆ ರಾಜೀನಾಮೆಯ ತಾರೀಕು ಬರೆಯಿರಿ.